ಮನೆಯ ಮೀಡಿಯಾ ಸರ್ವರ್: ಮೊದಲು ಮೇವಿನ ಲೆಕ್ಕ ಕೇಳಿ

ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಮದುವೆಯ ವಿಡಿಯೋ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿದೆ. ಗೋಡೆ ಬೀರುವಿನಲ್ಲಿ ಗೀರುಬಿದ್ದ ಸಿ.ಡಿ.ಗಳ ಕಟ್ಟು ಕುಳಿತಿದೆ. ಅಜ್ಜಿ ಹಾಡಿದ ಸೋಬಾನೆ ಪದ, ಊರಹಬ್ಬದ ವೀರಗಾಸೆ, ಶಾಲಾ ವಾರ್ಷಿಕೋತ್ಸವದ ನಾಟಕ ಎಲ್ಲವೂ ಚಾರ್ಜ್ ಆಗದ ಹಳೆಯ ಮೊಬೈಲ್‌ಗಳ ಒಳಗೆ ಸಿಕ್ಕಿಕೊಂಡಿವೆ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಎಷ್ಟೋ ಮನೆಗಳ ಸ್ಥಿತಿ ಇದು. ಇವನ್ನೆಲ್ಲ ಒಂದೆಡೆ ಕೂಡಿಟ್ಟು, ಮನೆಯ ಟಿ.ವಿ.ಯಲ್ಲಾಗಲಿ ಮೊಬೈಲ್‌ನಲ್ಲಾಗಲಿ ಬೇಕೆಂದಾಗ ನೋಡಲು ಅನುವು ಮಾಡಿಕೊಡುವ ಪುಟ್ಟ ಗಣಕಯಂತ್ರಕ್ಕೆ ಮೀಡಿಯಾ ಸರ್ವರ್ ಎಂದು ಹೆಸರು. ಇಂಥದೊಂದು ಮನೆಯಲ್ಲಿರಲಿ ಎಂಬ ಬಯಕೆ ತಪ್ಪಲ್ಲ. ಆ ಬಯಕೆಯನ್ನು ಬಂಡವಾಳ ಮಾಡಿಕೊಂಡು ಬೇಡದ ಯಂತ್ರವನ್ನು ಮನೆಗೆ ದಬ್ಬುವ ವ್ಯಾಪಾರವನ್ನು ಮಾತ್ರ ಪ್ರಶ್ನಿಸಲೇಬೇಕು.

ಅಂಗಡಿಯವರು ಮೊದಲು ಹೇಳುವುದು ಶಕ್ತಿಯ ಮಾತು. ಎಷ್ಟು ಕೋರ್, ಎಷ್ಟು ಗಿಗಾಹರ್ಟ್ಸ್, ಎಂಥ ಗ್ರಾಫಿಕ್ಸ್ ಕಾರ್ಡ್, ಎಷ್ಟು ಬಣ್ಣದ ದೀಪಗಳು! ಆಟವಾಡಲು ಕಟ್ಟಿದ ಗೋಪುರದಂಥ ಯಂತ್ರವನ್ನೇ ಸಿನಿಮಾ ಇಟ್ಟುಕೊಳ್ಳಲೂ ಬೇಕೆಂದು ಒಪ್ಪಿಸಲಾಗುತ್ತದೆ. ಆದರೆ ಅದು ಸುಮ್ಮನೆ ಕುಳಿತಿರುವಾಗ ಎಷ್ಟು ವಿದ್ಯುತ್ ನುಂಗುತ್ತದೆ ಎಂಬ ಅಂಕಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಮೃತಮಹಲ್ ತಳಿ ಸಂವರ್ಧನೆಯ ಕೇಂದ್ರವಿರುವ ಅಜ್ಜಂಪುರದ ರೈತರಿಗೆ ಈ ವಂಚನೆ ಬೇಗ ಅರ್ಥವಾದೀತು. ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಕೊಂಬಿಗೆ ಬಳಿದ ಬಣ್ಣ ನೋಡಿ ದುಡ್ಡು ಎಣಿಸುವುದಿಲ್ಲ. ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ಕೆಲಸವಿಲ್ಲದ ತಿಂಗಳುಗಳಲ್ಲಿ ಅದಕ್ಕೆ ಎಷ್ಟು ಮೇವು ಹಾಕಬೇಕಾದೀತೆಂದು ಲೆಕ್ಕ ಹಾಕುತ್ತಾನೆ. ಸರ್ವರ್ ಎಂಬುದು ವರ್ಷದ ಬಹುಪಾಲು ಕೆಲಸವಿಲ್ಲದೆ ಕೊಟ್ಟಿಗೆಯಲ್ಲಿ ನಿಂತಿರುವ ಎತ್ತು. ಅದರ ಗುಣವನ್ನು ಅಳೆಯಬೇಕಾದದ್ದು ಓಟದಿಂದಲ್ಲ, ನಿಂತಲ್ಲಿ ತಿನ್ನುವ ಮೇವಿನಿಂದ.

ಈ ಮೇವಿನ ಲೆಕ್ಕ ಶಾಲಾ ಮಕ್ಕಳಿಗೂ ಬರುವಂಥದು. ಒಂದು ವ್ಯಾಟ್ ವಿದ್ಯುತ್ ವರ್ಷವಿಡೀ ಹಗಲೂ ರಾತ್ರಿ ಹರಿದರೆ 8.76 ಯೂನಿಟ್ ಆಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಹೊತ್ತ ದೊಡ್ಡ ಯಂತ್ರ ಏನೂ ಕೆಲಸ ಮಾಡದಿದ್ದರೂ 50ರಿಂದ 70 ವ್ಯಾಟ್ ಎಳೆಯುವುದು ಸಾಮಾನ್ಯ. 60 ವ್ಯಾಟ್ ಎಂದಿಟ್ಟುಕೊಂಡರೆ ವರ್ಷಕ್ಕೆ 525 ಯೂನಿಟ್, ತಿಂಗಳಿಗೆ 43. ಇದೇ ಕೆಲಸವನ್ನು 10 ವ್ಯಾಟಿನ ಪುಟ್ಟ ಯಂತ್ರ ವರ್ಷಕ್ಕೆ ಸುಮಾರು 88 ಯೂನಿಟ್‌ನಲ್ಲಿ ಮುಗಿಸುತ್ತದೆ. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆಯಾದ್ದರಿಂದ, ಈ ಎರಡರ ನಡುವಿನ ಅಂತರ ವರ್ಷಕ್ಕೆ 300 ಕಿಲೋಗ್ರಾಂ ಮೀರುತ್ತದೆ. ಅದೂ ಒಂದೇ ಮನೆಯಿಂದ, ಯಾರೂ ಸಿನಿಮಾ ನೋಡದ ಹೊತ್ತಿನಲ್ಲಿ.

ಬಿಲ್ಲೇ ಬರುವುದಿಲ್ಲವಲ್ಲ, ಲೆಕ್ಕವೇಕೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಬಡವರ ಮನೆಗೆ ನೆಮ್ಮದಿ ತಂದಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಶೂನ್ಯವೆಂದು ಮುದ್ರಿತವಾದ ಆ ಚೀಟಿ, ಗೋಡೆಯಾಚೆ ಉರಿಯುತ್ತಿರುವ ಕಲ್ಲಿದ್ದಲನ್ನೂ ಶೂನ್ಯವೆಂದು ನಂಬಿಸಿಬಿಟ್ಟಿದೆ. ಯೋಜನೆಯ ನಿಯಮವನ್ನಾದರೂ ಗಮನಿಸಬೇಕು. ಮನೆಯ ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ ಹೆಚ್ಚುವರಿ, ಅಷ್ಟೇ ಉಚಿತ. ಅದನ್ನು ದಾಟಿದ್ದಕ್ಕೆ ಹಣ ತೆರಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ತೆರಬೇಕು. ತಿಂಗಳಿಗೆ 60 ಯೂನಿಟ್ ಬಳಸುವ ಮನೆಗೆ 43 ಯೂನಿಟ್ ತಿನ್ನುವ ಯಂತ್ರ ಬಂದರೆ ಶೂನ್ಯದ ಚೀಟಿ ಅಲ್ಲಿಗೆ ಮುಗಿಯಿತು. ಹಣದ ಮಾತು ಹಾಗಿರಲಿ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಡ್ಡಲಾಗಿ ಎದ್ದ ಅಣೆಕಟ್ಟು ಯಾರ ಗದ್ದೆ ತೋಟಗಳನ್ನು ಮುಳುಗಿಸಿತೆಂದು ತರೀಕೆರೆ ಸೀಮೆಗೆ ಯಾರೂ ಪಾಠ ಹೇಳಬೇಕಿಲ್ಲ. ಶರಾವತಿ ಕಣಿವೆಯಲ್ಲಿ ಇನ್ನೂ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಬೇಕೆನ್ನುವವರು ಕೊಡುವ ಕಾರಣ ಸಂಜೆಯ ಹೊತ್ತಿನ ಬೇಡಿಕೆ. ಅದರ ವಿರುದ್ಧ ಘೋಷಣೆ ಕೂಗಿ ಮನೆಗೆ ಬಂದವರು ಟಿ.ವಿ.ಯ ಪಕ್ಕದಲ್ಲಿ ಅರವತ್ತು ವ್ಯಾಟಿನ ಪೆಟ್ಟಿಗೆಯನ್ನು ಇಪ್ಪತ್ನಾಲ್ಕು ತಾಸು ಉರಿಸುವುದಾದರೆ ಆ ಘೋಷಣೆಗೆ ತೂಕವೆಲ್ಲಿಂದ ಬಂದೀತು?

ಪರಿಸರಾಸಕ್ತರ ನಡುವೆಯೇ ಬೇರೂರಿರುವ ಇನ್ನೊಂದು ಭ್ರಮೆಯನ್ನೂ ಕೀಳಬೇಕಿದೆ. ಹಳೆಯದನ್ನು ಬಳಸಿದರೆ ಸಾಕು, ಅದೇ ಪರಿಸರಸ್ನೇಹಿ ಎಂಬ ಭ್ರಮೆ ಅದು. ಗುಜರಿಗೆ ಹೋಗಬೇಕಾಗಿದ್ದ ಪೆಂಟಿಯಮ್ 4 ಯಂತ್ರವನ್ನು ಒರೆಸಿ ಸರ್ವರ್ ಮಾಡಿದೆವೆಂದು ಹೆಮ್ಮೆಪಡುವವರಿದ್ದಾರೆ. ಆ ಕಾಲದ ಯಂತ್ರ ಸುಮ್ಮನೆ ಕುಳಿತರೂ 60ರಿಂದ 100 ವ್ಯಾಟ್ ಸುಡುತ್ತದೆ. ಇಂದಿನ ಚಿತ್ರಕಡತಗಳನ್ನು ಬಿಡಿಸುವ ಕಸುವು ಅದಕ್ಕಿಲ್ಲ. ಅಂಥದನ್ನು ವರ್ಷವಿಡೀ ಓಡಿಸುವುದಕ್ಕಿಂತ ಹೊಸದಾಗಿ ತಯಾರಾದ ಆರು ವ್ಯಾಟಿನ ಪುಟ್ಟ ಯಂತ್ರವೇ ಮೇಲು ಎಂದು ಲೆಕ್ಕವೇ ಹೇಳುತ್ತದೆ. ಹಳೆಯದೆಂಬ ಒಂದೇ ಕಾರಣಕ್ಕೆ ಯಾವುದೂ ಪವಿತ್ರವಾಗದು.

ಮನೆಯ ಸರ್ವರ್ ಇಟ್ಟರೆ ವಿದ್ಯುತ್ ಉಳಿಯುತ್ತದೆ, ಸ್ಟ್ರೀಮಿಂಗ್‌ನಿಂದಲೇ ಜಗತ್ತು ಸುಡುತ್ತಿದೆ ಎಂಬ ಮಾತು ಕೂಡ ಪೂರ್ತಿ ನಿಜವಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2020ರ ವಿಶ್ಲೇಷಣೆಯಂತೆ ಒಂದು ಗಂಟೆ ವಿಡಿಯೋ ಸ್ಟ್ರೀಮಿಂಗ್‌ಗೆ ತಗಲುವುದು ಸುಮಾರು 0.08 ಯೂನಿಟ್, ಅದರಲ್ಲೂ ಹೆಚ್ಚಿನ ಪಾಲು ನೋಡುವವರ ಮನೆಯ ಟಿ.ವಿ.ಯದೇ. ದಿನಕ್ಕೆ ಎರಡು ಗಂಟೆ ನೋಡಿದರೆ 0.16 ಯೂನಿಟ್. ಮನೆಯ ಅರವತ್ತು ವ್ಯಾಟಿನ ಪೆಟ್ಟಿಗೆ ಅದೇ ದಿನ 1.44 ಯೂನಿಟ್ ತಿಂದಿರುತ್ತದೆ. ಹತ್ತು ವ್ಯಾಟಿನದೂ ಹಗಲೂ ರಾತ್ರಿ ಓಡಿದರೆ 0.24. ದತ್ತಾಂಶ ಕೇಂದ್ರಗಳು 2024ರಲ್ಲಿ ಜಗತ್ತಿನ ವಿದ್ಯುತ್ತಿನ ಸುಮಾರು ಶೇಕಡಾ 1.5ರಷ್ಟನ್ನು ಬಳಸಿದವೆಂದು ಇದೇ ಸಂಸ್ಥೆ ಅಂದಾಜಿಸಿದೆ. ಅವುಗಳ ಹಸಿವನ್ನು ಪ್ರಶ್ನಿಸಲು ಬೇರೆ ಬಲವಾದ ಕಾರಣಗಳಿವೆ. ಸುಳ್ಳು ಲೆಕ್ಕದಿಂದ ವಾದ ಕಟ್ಟಿದರೆ ಮೊದಲ ಮಳೆಗೇ ಗೋಡೆ ಕುಸಿಯುತ್ತದೆ.

ಹಾಗಾದರೆ ಮನೆಯಲ್ಲೇಕೆ ಭಂಡಾರ? ಉತ್ತರಕ್ಕೆ ಕಡೂರು ತಾಲ್ಲೂಕಿನ ಅಯ್ಯನಕೆರೆಯ ಏರಿಯ ಮೇಲೆ ನಿಲ್ಲಬೇಕು. ಟ್ಯಾಂಕರ್ ನೀರು ಅಗ್ಗವೋ ತುಟ್ಟಿಯೋ ಎಂಬುದಲ್ಲ ಪ್ರಶ್ನೆ. ಟ್ಯಾಂಕರ್ ಬಾರದ ದಿನ ಊರಿಗೆ ನೀರಿದೆಯೇ ಎಂಬುದು ಪ್ರಶ್ನೆ. ಚಂದಾ ಕಟ್ಟಿ ನೋಡುವ ಸಿನಿಮಾ ನೋಡುಗನದಲ್ಲ. ಒಪ್ಪಂದ ಮುಗಿದ ದಿನ ಅದು ಸದ್ದಿಲ್ಲದೆ ಮಾಯವಾಗುತ್ತದೆ. 2009ರಲ್ಲಿ ಅಮೆಜಾನ್ ಕಂಪನಿ, ಓದುಗರು ದುಡ್ಡು ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್ ಪುಸ್ತಕಗಳನ್ನೇ ಅವರವರ ಕಿಂಡಲ್‌ಗಳಿಂದ ದೂರದಲ್ಲಿ ಕುಳಿತು ಅಳಿಸಿಹಾಕಿತ್ತು. ಮೊದಲ ಕನ್ನಡ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ನಾಡಿನ ಮೊದಲ ವಾಕ್ಚಿತ್ರಕ್ಕೇ ಈ ಗತಿಯಾದ ಮೇಲೆ, ಮನೆಯಂಗಳದ ಸೋಬಾನೆ ಪದವನ್ನು ದೂರದ ಕಂಪನಿಯೊಂದು ಕಾಯುತ್ತದೆಂದು ನಂಬುವುದು ಮುಗ್ಧತೆ. ಜೊತೆಗೆ ಮಲೆಗೆ ತಾಗಿದ ಊರುಗಳಲ್ಲಿ ಸಿಗ್ನಲ್ ಎಂಬುದು ಮೋಡದೊಂದಿಗೆ ಬಂದು ಹೋಗುವ ಅತಿಥಿ. ದಿನಕ್ಕೆ ಒಂದೂವರೆ ಜಿ.ಬಿ. ಎಂಬ ಪಡಿಯಲ್ಲಿ ಸ್ಪಷ್ಟ ಚಿತ್ರದ ಒಂದು ಸಿನಿಮಾ ಮುಗಿಯುವುದಿಲ್ಲ. ಮನೆಯ ಸರ್ವರ್‌ನಿಂದ ಮನೆಯ ಟಿ.ವಿ.ಗೆ ಹರಿಯುವ ಚಿತ್ರಕ್ಕೆ ಇಂಟರ್ನೆಟ್ಟೇ ಬೇಡ. ಬಸ್ ನಿಲ್ದಾಣದ ಅಂಗಡಿಯಲ್ಲಿ ಪೆನ್‌ಡ್ರೈವ್‌ಗೆ ಕದ್ದ ಸಿನಿಮಾ ತುಂಬಿಸಿಕೊಂಡು ಬರುವ ಚಾಳಿಗೆ ಈ ವಾದ ಆಸರೆಯಲ್ಲ. ಕೊಂಡ ಡಿಸ್ಕ್, ಸ್ವಂತ ಚಿತ್ರೀಕರಣ, ಹಕ್ಕು ಮುಕ್ತವಾದ ಕೃತಿ ಇವಷ್ಟೇ ಮಾತಿನ ವ್ಯಾಪ್ತಿಯಲ್ಲಿವೆ.

ಯಂತ್ರದ ಆಯ್ಕೆಗೆ ಬಂದರೆ, ಸರ್ವರ್ ನಿಜವಾಗಿ ಬೆವರುವುದು ಯಾವಾಗ ಎಂಬುದನ್ನು ತಿಳಿದಿರಬೇಕು. ಟಿ.ವಿ.ಗೆ ಅರ್ಥವಾಗುವ ರೂಪದಲ್ಲಿ ಕಡತವಿದ್ದರೆ ಸರ್ವರ್ ಅದನ್ನು ಎತ್ತಿ ಕೊಡುತ್ತದೆ, ಅಷ್ಟೆ. ಹೈಸ್ಕೂಲು ಹುಡುಗ ಪುಸ್ತಕದ ಕಟ್ಟು ದಾಟಿಸಿದಷ್ಟೇ ಶ್ರಮ. ಎಚ್.265 ಎಂಬ ಬಿಗಿಯಾಗಿ ಮಡಚಿದ ರೂಪದಲ್ಲಿ ಕಡತವಿದ್ದು ಹಳೆಯ ಟಿ.ವಿ.ಗೆ ಅದು ತಿಳಿಯದಿದ್ದರೆ, ಆಗ ಮಾತ್ರ ಸರ್ವರ್ ಅದನ್ನು ಬಿಡಿಸಿ ಬೇರೆ ರೂಪಕ್ಕೆ ತಿರುಗಿಸುತ್ತ ಕೂರಬೇಕು. ಈ ಕೆಲಸಕ್ಕೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಇಂಟೆಲ್ ಕಂಪನಿ 2011ರಿಂದಲೇ ತನ್ನ ಪ್ರೊಸೆಸರ್‌ಗಳ ಒಳಗೆ ಇದಕ್ಕೆಂದೇ ಒಂದು ಮೂಲೆಯನ್ನು ಮೀಸಲಿಟ್ಟಿದೆ; ಏಳನೆಯ ತಲೆಮಾರಿನ ಹೊತ್ತಿಗೆ ಅದು ಹತ್ತು ಬಿಟ್‌ನ ಎಚ್.265 ಅನ್ನೂ ಸಲೀಸಾಗಿ ನಿಭಾಯಿಸುವಷ್ಟು ಪಳಗಿತು.

ಈ ಏಳನೆಯ ತಲೆಮಾರಿನ ಕತೆಯಲ್ಲೇ ಕೊಳ್ಳುಬಾಕ ಸಂಸ್ಕೃತಿಯ ಇಡೀ ಹೂರಣವಿದೆ. ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ವಿಂಡೋಸ್ 11, ಕೆಲವು ವಿನಾಯಿತಿ ಬಿಟ್ಟರೆ, ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಯಂತ್ರಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೆಟ್ಟುಹೋಗದ, ಸವೆಯದ, ಇನ್ನೂ ಹತ್ತು ವರ್ಷ ದುಡಿಯಬಲ್ಲ ಯಂತ್ರಗಳು ಒಂದು ದಿನಾಂಕದ ಕಾರಣಕ್ಕೆ ಕಸವೆನಿಸಿಕೊಂಡವು. ಬೆಂಗಳೂರಿನ ಕಚೇರಿಗಳಿಂದ ಇಂಥವು ರಾಶಿರಾಶಿಯಾಗಿ ಹೊರಬೀಳುತ್ತವೆ. ಅವುಗಳ ನಡುವೆ ಪುಸ್ತಕದಷ್ಟೇ ಗಾತ್ರದ ಮಿನಿ ಡೆಸ್ಕ್‌ಟಾಪ್‌ಗಳೂ ಇರುತ್ತವೆ. ಲೆನೊವೊ, ಡೆಲ್, ಎಚ್‌ಪಿ ಮೂವರೂ ಇಂಥವನ್ನು ಮಾಡಿದ್ದಾರೆ. ಲಿನಕ್ಸ್ ಹಾಕಿ ಜೆಲ್ಲಿಫಿನ್ ಎಂಬ ಮುಕ್ತ ತಂತ್ರಾಂಶವನ್ನು ಕೂಡಿಸಿದರೆ, ಎಂಟರಿಂದ ಹದಿನೈದು ವ್ಯಾಟ್‌ನಲ್ಲಿ ಇಡೀ ಮನೆಗೆ ಸಿನಿಮಾ ತೋರಿಸುವ ಸರ್ವರ್ ಸಿದ್ಧ. ಎಂಟು ಜಿ.ಬಿ. ಮೆಮೊರಿ ಧಾರಾಳವಾಗಿ ಸಾಕು. ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಹಸಿವಿನಿಂದ 2025ರ ಕೊನೆಯಲ್ಲಿ ಮೆಮೊರಿಯ ಬೆಲೆ ಗಗನಕ್ಕೇರಿದ ಮೇಲಂತೂ, ಈಗಾಗಲೇ ಮೆಮೊರಿ ಹೊತ್ತಿರುವ ಹಳೆಯ ಯಂತ್ರ ಹೊಸದಕ್ಕಿಂತ ಎಷ್ಟೋ ಜಾಣ ಖರೀದಿ. ಗಣಕಯಂತ್ರ ತಯಾರಾಗುವಾಗಲೇ ಗಾಳಿಗೆ ಸೇರಿದ ಇಂಗಾಲ ಮರಳಿ ಬಾರದು. ಎರಡನೆಯ ಮಾಲೀಕ ಅದರ ಆಯುಷ್ಯವನ್ನು ಲಂಬಿಸುತ್ತಾನೆ, ಹೊಸದೊಂದು ತಯಾರಾಗುವುದನ್ನು ಮುಂದೂಡುತ್ತಾನೆ.

ಇದಕ್ಕೂ ಹತ್ತಿರದಲ್ಲಿ ಸಿಗುವ ಯಂತ್ರವೊಂದಿದೆ. ರಾಜ್ಯ ಸರ್ಕಾರ ಕೆಲವು ವರ್ಷಗಳ ಹಿಂದೆ ಪದವಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಿತ್ತು. ಅವುಗಳಲ್ಲಿ ಎಷ್ಟೋ ಪರದೆ ಒಡೆದು, ಕೀಲಿಮಣೆ ಉದುರಿ ಮೂಲೆ ಸೇರಿವೆ. ಪರದೆ ಒಡೆದ ಲ್ಯಾಪ್‌ಟಾಪ್ ಸರ್ವರ್‌ಗೆ ಹೇಳಿ ಮಾಡಿಸಿದ ಯಂತ್ರ. ಕರೆಂಟು ಹೋದರೆ ತಾನೇ ಹಿಡಿದು ನಿಲ್ಲುವ ಬ್ಯಾಟರಿ ಅದರ ಹೊಟ್ಟೆಯಲ್ಲೇ ಇದೆ, ಬೇರೆ ಯು.ಪಿ.ಎಸ್. ಬೇಡ. ಒಂದೇ ಎಚ್ಚರಿಕೆ: ವರ್ಷಗಟ್ಟಲೆ ಚಾರ್ಜ್‌ಗೆ ಹಾಕಿಟ್ಟ ಹಳೆಯ ಬ್ಯಾಟರಿ ಉಬ್ಬುತ್ತದೆ. ಉಬ್ಬಿದ್ದು ಕಂಡ ಕೂಡಲೇ ತೆಗೆಸಬೇಕು, ಚುಚ್ಚಬಾರದು, ಒಲೆಯ ಹತ್ತಿರ ಸುಳಿಸಬಾರದು. ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಹಲಗೆಯನ್ನು ಮೆಚ್ಚುವ ವಿದ್ಯಾರ್ಥಿಗಳು ಬಹಳ. ಮೂರು ನಾಲ್ಕು ವ್ಯಾಟ್‌ನ ಮಿತಾಹಾರಿ ಅದು, ಹಾಡು ಮತ್ತು ಫೋಟೋಗಳಿಗೆ ಚೆನ್ನ. ಆದರೆ ಕಡತದ ರೂಪ ತಿರುಗಿಸುವ ಕೆಲಸ ಬಿದ್ದರೆ ಮಂಡಿಯೂರುತ್ತದೆ. ಮೆಮೊರಿ ಕಾರ್ಡ್ ಮೇಲೆ ಓಡಿಸಿದರೆ ಪದೇ ಪದೇ ಕರೆಂಟು ಹೋಗುವ ಊರಿನಲ್ಲಿ ಕಾರ್ಡ್ ಕೆಡುತ್ತದೆ.

ಪೇಟೆಯವರ ಸಲಹೆಗಳನ್ನು ಹಾಗೆ ಹಾಗೆಯೇ ಇಲ್ಲಿಗೆ ಎತ್ತಿ ತರಲಾಗದಿರುವುದಕ್ಕೆ ಈ ಮೂರು ತಾಲ್ಲೂಕುಗಳ ಹವೆಯೇ ಕಾರಣ. ಕಡೂರು ಮಳೆನೆರಳಿನ ಬಯಲು, ಬೇಸಿಗೆಯಲ್ಲಿ ಧೂಳಿನ ರಾಜ್ಯ. ಅಲ್ಲಿ ಫ್ಯಾನ್ ಇರುವ ಯಂತ್ರದ ಹೊಟ್ಟೆ ಒಂದೇ ಬೇಸಿಗೆಯಲ್ಲಿ ಮಣ್ಣಿನ ಗೂಡಾಗುತ್ತದೆ. ಫ್ಯಾನ್ ಇಲ್ಲದ್ದು ಸಿಕ್ಕರೆ ಉತ್ತಮ, ಇದ್ದರೆ ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಬಿಚ್ಚಿ ಊದಿಸಬೇಕು. ತರೀಕೆರೆಯ ಪಶ್ಚಿಮಕ್ಕೆ, ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿಯ ಬುಡಕ್ಕೆ ಬಂದರೆ ಶತ್ರು ಧೂಳಲ್ಲ, ಶೀತ. ಆಷಾಢದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಯಂತ್ರದ ತಾಮ್ರ ಹಸಿರುಗಟ್ಟುತ್ತದೆ. ದಿನಕ್ಕೆ ಕೆಲವು ತಾಸು ಓಡಿ ಬೆಚ್ಚಗಾಗುವ ಯಂತ್ರಕ್ಕೆ ಆ ಭಯ ಕಡಿಮೆ. ಅಜ್ಜಂಪುರದ ಕಡೆ ಎರಡೂ ಸ್ವಲ್ಪ ಸ್ವಲ್ಪ. ಇರುವೆ, ಹಲ್ಲಿಗಳ ಕಾಟ ಎಲ್ಲೆಡೆಯದು. ಗಾಳಿಕಿಂಡಿಗೆ ಸಣ್ಣ ಜಾಲರಿ ಅಂಟಿಸಲು ಹೆಚ್ಚು ಖರ್ಚಿಲ್ಲ. ತಗಡಿನ ಮಾಡಿನ ಕೆಳಗಿನ ಅಟ್ಟ ಮಾತ್ರ ಯಾವ ಊರಿನಲ್ಲೂ ಬೇಡ.

ವಿದ್ಯುತ್ತಿನ ಗುಣವೂ ಇಲ್ಲಿಯದೇ. ಬೇಸಿಗೆಯಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ಎದ್ದಾಗ ವೋಲ್ಟೇಜ್ ಕುಸಿಯುತ್ತದೆ. ಮಿನಿ ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್‌ಗಳ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ತಾಳಿಕೊಳ್ಳುವಂತೆ ಮಾಡಿದ್ದು. ಸುಟ್ಟರೂ ಅದೊಂದನ್ನೇ ಬದಲಿಸಿದರೆ ಮುಗಿಯಿತು. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿಗೆ ಉಪಾಯ ಬೇರೆ: ಸರಿಯಾದ ಅರ್ಥಿಂಗ್ ಗುಂಡಿ, ಮೋಡ ಕಪ್ಪಾದ ಕೂಡಲೇ ಪ್ಲಗ್ ಕೀಳುವ ಅಭ್ಯಾಸ. ಇಂಟರ್ನೆಟ್ಟಿಗೆಂದು ಹೊರಗಿನಿಂದ ಬರುವ ತಾಮ್ರದ ತಂತಿಯಿದ್ದರೆ ಅದನ್ನೂ ಕೀಳಬೇಕು. ಸಿಡಿಲಿಗೆ ಎರಡೂ ದಾರಿ ಗೊತ್ತು.

ದುಡ್ಡು ಉಳಿಸಬಾರದ ಜಾಗ ಒಂದೇ, ಹಾರ್ಡ್ ಡಿಸ್ಕ್. ಕೆರೆಗೆ ಏರಿ ಹೇಗೋ ಸರ್ವರ್‌ಗೆ ಡಿಸ್ಕ್ ಹಾಗೆ. ಯಂತ್ರ ಎರಡನೆಯ ಕೈಯದಾಗಬಹುದು, ಡಿಸ್ಕ್ ಹೊಸದಿರಬೇಕು. ಮೂರೂವರೆ ಅಂಗುಲದ್ದು ತಿರುಗುವಾಗ ಐದಾರು ವ್ಯಾಟ್ ತಿಂದರೆ ಎರಡೂವರೆ ಅಂಗುಲದ್ದು ಒಂದೆರಡು ವ್ಯಾಟ್‌ನಲ್ಲಿ ತೃಪ್ತ. ಮನೆಮಂದಿಯ ಸಂಗ್ರಹಕ್ಕೆ ಚಿಕ್ಕದೇ ಸಾಲುತ್ತದೆ. ಎರಡು ಡಿಸ್ಕ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ರೇಯ್ಡ್ ಮಾಡಿದ ಕೂಡಲೇ ಎಲ್ಲವೂ ಸುರಕ್ಷಿತವೆಂದು ಅಂಗಡಿಯವರು ಹೇಳುವುದನ್ನು ನಂಬಬಾರದು. ಒಂದೇ ಸಿಡಿಲಿಗೆ ಎರಡೂ ಹೋಗುತ್ತವೆ. ಕೈತಪ್ಪಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ. ಎರಡನೆಯ ಪ್ರತಿ ಬೇರೆ ಮನೆಯಲ್ಲಿರಬೇಕು. ತರೀಕೆರೆ ಕಡೆಯವರಿಗೆ ಕಡೂರಿನಲ್ಲೊಬ್ಬ ನೆಂಟರಿದ್ದರೆ ಅದಕ್ಕಿಂತ ಒಣಗಿದ ಉಗ್ರಾಣ ಬೇರೆಲ್ಲಿ ಸಿಕ್ಕೀತು? ವರ್ಷಕ್ಕೆರಡು ಬಾರಿ ಹಬ್ಬಕ್ಕೆ ಹೋದಾಗ ಡಿಸ್ಕ್ ಒಯ್ದು ಹೊಸದನ್ನು ಸೇರಿಸಿ ಬಂದರಾಯಿತು.

ಇನ್ನು ಇಪ್ಪತ್ನಾಲ್ಕು ತಾಸು ಓಡಿಸುವ ಹಟವೇಕೆ? ಬೆಳಗಿನ ಜಾವ ಮೂರು ಗಂಟೆಗೆ ಮನೆಯಲ್ಲಿ ಯಾರು ಸಿನಿಮಾ ನೋಡುತ್ತಾರೆ? ಕಚೇರಿ ಯಂತ್ರಗಳ ಬಯೋಸ್‌ನಲ್ಲಿ ಗೊತ್ತಾದ ಹೊತ್ತಿಗೆ ತಾನೇ ಎದ್ದೇಳುವ ಏರ್ಪಾಡಿರುತ್ತದೆ. ಮಲಗಿಸುವುದಕ್ಕೆ ಲಿನಕ್ಸ್‌ನಲ್ಲಿ ಒಂದು ಸಾಲಿನ ಆಜ್ಞೆ ಸಾಕು. ಸಂಜೆ ಆರರಿಂದ ಹತ್ತರವರೆಗೆ ಹತ್ತು ವ್ಯಾಟ್‌ನಂತೆ ಓಡಿದರೆ ದಿನಕ್ಕೆ 0.04 ಯೂನಿಟ್, ವರ್ಷಕ್ಕೆ ಹದಿನೈದು ಯೂನಿಟ್ಟೂ ಆಗದು. ಮನೆಯ ಸರ್ವರ್ ಪರವಾದ ವಿದ್ಯುತ್ತಿನ ವಾದ ನಿಲ್ಲುವುದು ಈ ಏರ್ಪಾಡಿನಲ್ಲಿ ಮಾತ್ರ.

ಕೊನೆಗೆ ಯಂತ್ರವೂ ಒಂದು ದಿನ ಸಾಯುತ್ತದೆ. ಅದರೊಳಗಿನ ಕಬ್ಬಿಣ, ತಾಮ್ರ, ಚಿನ್ನಗಳೆಲ್ಲ ಯಾವುದೋ ಬೆಟ್ಟದ ಹೊಟ್ಟೆಯಿಂದ ಬಂದವು. ಇದೇ ಜಿಲ್ಲೆಯ ಕುದುರೆಮುಖದಲ್ಲಿ 2005ರ ಕೊನೆಗೆ ಗಣಿಗಾರಿಕೆ ನಿಲ್ಲಿಸಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಕೆಮ್ಮಣ್ಣುಗುಂಡಿಯ ಗುಡ್ಡವನ್ನು ಅಗೆದು ಭದ್ರಾವತಿಯ ಕುಲುಮೆಗೆ ಉಣಿಸಿದ್ದನ್ನು ಹಿರಿಯರು ಮರೆತಿಲ್ಲ. ಹೀಗೆ ಬಂದ ಲೋಹ ತಕ್ಕಡಿ ಹಿಡಿದು ಬರುವ ಗುಜರಿಯವರ ಮೂಲಕ ಸಾಗಿ ದೆಹಲಿಯ ಸೀಲಂಪುರದಂಥ, ಮೊರಾದಾಬಾದಿನಂಥ ಊರುಗಳಲ್ಲಿ ಬರಿಗೈ ಕಾರ್ಮಿಕರ ಆಸಿಡ್ ಬೋಗುಣಿಗೆ ಬೀಳುತ್ತದೆ, ತಂತಿ ಸುಟ್ಟ ಹೊಗೆ ಅವರ ಮಕ್ಕಳ ಎದೆಗೆ ಸೇರುತ್ತದೆ. 2011ರಲ್ಲಿ ಪ್ರಕಟವಾಗಿ 2012ರ ಮೇ ತಿಂಗಳಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳೂ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಹೊಸ ನಿಯಮಗಳೂ ಸತ್ತ ಯಂತ್ರದ ಹೊಣೆಯನ್ನು ಅದನ್ನು ತಯಾರಿಸಿದ ಕಂಪನಿಯ ಹೆಗಲಿಗೆ ಹಾಕಿವೆ. ಮಾರುವಾಗ ಊರೂರಿಗೆ ಬರುವ ಕಂಪನಿಗಳು ಮರಳಿ ಪಡೆಯುವಾಗ ಎಲ್ಲಿ ಅಡಗುತ್ತವೆ ಎಂದು ಕೇಳುವ ಹಕ್ಕು ಕೊಂಡವರಿಗಿದೆ. ಮಾರಾಟದ ಮಳಿಗೆಯಲ್ಲಿ ರಸೀದಿ ಪಡೆಯುವಾಗಲೇ ಇದನ್ನು ಯಾರು, ಎಲ್ಲಿ ಹಿಂದಕ್ಕೆ ಪಡೆಯುತ್ತಾರೆಂದು ಬರೆಸಿಕೊಳ್ಳಬೇಕು. ಉತ್ತರವಿಲ್ಲದ ಅಂಗಡಿಯಲ್ಲಿ ಕೊಳ್ಳಬಾರದು. ಹಳೆಯ ಡಿಸ್ಕನ್ನು ಕೊಡುವ ಮುನ್ನ ಮನೆಯ ಚಿತ್ರಗಳನ್ನು ಪೂರ್ತಿ ಅಳಿಸಿರಬೇಕು, ಓಡದ ಡಿಸ್ಕ್ ಆದರೆ ಬಿಚ್ಚಿ ಒಳಗಿನ ತಟ್ಟೆಗೆ ಆಳವಾಗಿ ಗೀರು ಹಾಕಿರಬೇಕು.